ಬಾತುಕೋಳಿಯ ಬಾಲದ ಬುಡದ ಬಾವು

ಪ್ರಶ್ನೆ: ನಾವು ಬಾಗಲಕೋಟೆಯ ನವನಗರದವರು. ಮಗನ ಹಟಕ್ಕೆ ಹಿತ್ತಲಿನಲ್ಲಿ ಎರಡು ಬಾತುಕೋಳಿಗಳನ್ನು ಸಾಕಿದ್ದೇವೆ. ಅವುಗಳಲ್ಲಿ ಮೊಟ್ಟೆ ಇಡುವ ಹೆಣ್ಣಿಗೆ ಬಾಲದ ಬುಡದ ಮೇಲ್ಭಾಗದಲ್ಲಿ, ಎಡಕ್ಕೆ, ಹತ್ತು ದಿನಗಳಿಂದ ಸಣ್ಣ ಲಿಂಬೆಹಣ್ಣಿನಷ್ಟು ಬಾವು ಬಂದಿದೆ. ಮುಟ್ಟಿದರೆ ಬಿಸಿ ಹತ್ತುತ್ತದೆ, ಸುತ್ತಲಿನ ಗರಿ ಅಂಟಂಟಾಗಿದೆ, ಒತ್ತಿದಾಗ ಗಟ್ಟಿ ಹಳದಿ ಪದಾರ್ಥ ಸ್ವಲ್ಪ ಹೊರಬಂತು. ಬಿಳಿಜೋಳದ ನುಚ್ಚು, ಉಳಿದ ರೊಟ್ಟಿ, ಅನ್ನ ಹಾಕುತ್ತೇವೆ. ನೀರಿಗೆ ಅಗಲವಾದ ತಟ್ಟೆ ಇಟ್ಟಿದ್ದೇವೆ. ಅರಿಶಿನವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಬೇಕೆಂದು ಅತ್ತೆಯವರು, ಬ್ಲೇಡಿನಿಂದ ಕೊಯ್ದು ಕೀವು ತೆಗೆಯಬೇಕೆಂದು ನೆರೆಮನೆಯವರು ಹೇಳುತ್ತಾರೆ. ಏನು ಮಾಡಬೇಕು? ಮೊಟ್ಟೆ ತಿನ್ನಬಹುದೇ?

ಉತ್ತರ: ಬ್ಲೇಡನ್ನು ದಯವಿಟ್ಟು ಮುಟ್ಟಬೇಡಿ. ನೀವು ಬರೆದ ಜಾಗದಲ್ಲಿ ಬಾತುಕೋಳಿಗೆ ಹುಟ್ಟಿನಿಂದಲೇ ಒಂದು ಎಣ್ಣೆಗ್ರಂಥಿ ಇರುತ್ತದೆ. ಅದಕ್ಕೆ ಅಕ್ಕಪಕ್ಕದಲ್ಲಿ ಎರಡು ಹೋಳುಗಳು, ನಡುವೆ ಮೊಲೆತೊಟ್ಟಿನಂತಹ ತುದಿ, ಆ ತುದಿಯ ಮೇಲೆ ದೀಪದ ಬತ್ತಿಯಂತೆ ಪುಟ್ಟ ಗರಿಗಳ ಕುಚ್ಚು. ಬಾತುಕೋಳಿ ಕೊಕ್ಕನ್ನೂ ತಲೆಯನ್ನೂ ಈ ಕುಚ್ಚಿಗೆ ಉಜ್ಜಿ, ಹತ್ತಿದ ಜಿಡ್ಡನ್ನು ಮೈಯ ಗರಿಗಳಿಗೆಲ್ಲ ಸವರಿಕೊಳ್ಳುತ್ತದೆ. ಎಷ್ಟೋ ಜನ ಆರೋಗ್ಯವಾಗಿರುವ ಗ್ರಂಥಿಯನ್ನೇ ಗಂಟೆಂದು ತಿಳಿದು ಗಾಬರಿಯಾಗಿ ಬರುತ್ತಾರೆ. ಆದರೆ ಆರೋಗ್ಯವಾದ ಗ್ರಂಥಿಯ ಎರಡೂ ಹೋಳುಗಳು ಸಮನಾಗಿದ್ದು, ಮುಟ್ಟಿದರೆ ನೋಯುವುದಿಲ್ಲ, ಮೆಲ್ಲಗೆ ಒತ್ತಿದರೆ ತೆಳುವಾದ ಎಣ್ಣೆ ಕುಚ್ಚಿಗೆ ಇಳಿಯುತ್ತದೆ. ನಿಮ್ಮದರಲ್ಲಿ ಒಂದೇ ಬದಿಯ ಬಾವು, ಬಿಸಿ, ಗಟ್ಟಿ ಸ್ರಾವ ಮೂರೂ ಇರುವುದರಿಂದ, ರಂಧ್ರ ಕಟ್ಟಿಕೊಂಡು ಒಳಗೆ ಸೋಂಕಾಗಿರುವ ಸಂಭವವೇ ಹೆಚ್ಚು. ಗಡ್ಡೆಯೂ ಹೀಗೆಯೇ ಕಾಣಬಹುದಾದ್ದರಿಂದ ವೈದ್ಯರು ಕೈಯಿಟ್ಟು ನೋಡದೆ ತೀರ್ಮಾನಿಸಲಾಗದು.

ಕೊಯ್ದರೆ ಕೀವು ಹರಿದುಹೋಗುತ್ತದೆ ಎಂಬುದು ಮನುಷ್ಯರ ಕುರುವನ್ನು ನೋಡಿ ಬಂದ ಮಾತು. ಹಕ್ಕಿಗಳ ಕೀವು ನೀರಾಗುವುದಿಲ್ಲ. ಕೀವನ್ನು ಕರಗಿಸಲು ನೆರವಾಗುವ ಒಂದು ಕಿಣ್ವ ಅವುಗಳ ಬಿಳಿರಕ್ತಕಣಗಳಲ್ಲಿ ಇಲ್ಲದ ಕಾರಣ ಅದು ಗಿಣ್ಣಿನಂತೆ ಗಟ್ಟಿಯಾಗಿ ಕುಳಿತುಬಿಡುತ್ತದೆ, ಹಿಂಡಿದರೆ ಬರುವುದಿಲ್ಲ. ಬಲವಾಗಿ ಒತ್ತಿದಾಗ ಗ್ರಂಥಿ ಒಳಗೇ ಒಡೆದು ಕೀವೂ ಎಣ್ಣೆಯೂ ಸುತ್ತಲಿನ ಮಾಂಸಕ್ಕೆ ಇಳಿಯಬಹುದು. ಜೊತೆಗೆ ಈ ಗ್ರಂಥಿಗೆ ರಕ್ತಪೂರೈಕೆ ಹೇರಳವಾಗಿದ್ದು, ಅಷ್ಟು ಚಿಕ್ಕ ಜೀವಕ್ಕೆ ಸ್ವಲ್ಪ ರಕ್ತ ಹೋದರೂ ಅದು ದೊಡ್ಡ ನಷ್ಟವೇ.

ವೈದ್ಯರ ಬಳಿ ಒಯ್ಯುವವರೆಗೆ ನೀವು ಮಾಡಬಹುದಾದದ್ದು ಬಿಸಿನೀರಿನ ಶಾಖ. ಒಬ್ಬರು ಹಳೆಯ ಟವೆಲ್‌ನಲ್ಲಿ ರೆಕ್ಕೆ ಸೇರಿಸಿ ಸುತ್ತಿ ಹಿಡಿಯಲಿ, ಇನ್ನೊಬ್ಬರು ಶಾಖ ಕೊಡಲಿ. ಹಕ್ಕಿಗೆ ನಮ್ಮಂತೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರಾಟಕ್ಕೆ ನೆರವಾಗುವ ಸ್ನಾಯುಪರದೆ, ಇಲ್ಲ, ಎದೆಗೂಡನ್ನು ಆಡಿಸಿಯೇ ಉಸಿರಾಡುತ್ತದೆ. ಆದ್ದರಿಂದ ಎದೆಯನ್ನು ಬಿಗಿಯಾಗಿ ಅದುಮಬಾರದು, ಕಾಲು ಹಿಡಿದು ಎತ್ತಲೂಬಾರದು. ಮಣಿಕಟ್ಟಿನ ಒಳಭಾಗಕ್ಕೆ ಹಿತವೆನಿಸುವಷ್ಟು ಬೆಚ್ಚಗಿನ ನೀರಿನಲ್ಲಿ ಶುದ್ಧ ಬಟ್ಟೆಯನ್ನು ಅದ್ದಿ ಹಿಂಡಿ ಬಾವಿನ ಮೇಲಿಡಿ, ಆರಿದಂತೆ ಬದಲಿಸುತ್ತ ಹತ್ತು ನಿಮಿಷ, ದಿನಕ್ಕೆ ಎರಡು ಮೂರು ಸಲ. ತುದಿಯ ಮೇಲೆ ಒಣಗಿ ಕೂತ ಜಿಡ್ಡು ಮೆತ್ತಗಾಗಿ ತಾನೇ ಬಿಟ್ಟರೆ ಒರೆಸಿ ತೆಗೆಯಿರಿ, ಬಿಡದಿದ್ದರೆ ಕೀಳಬೇಡಿ. ಚರ್ಮ ಒಡೆದಿದ್ದರೆ ಪೊವಿಡೋನ್ ಅಯೋಡಿನ್ ದ್ರಾವಣವನ್ನು ತಿಳಿಚಹದ ಬಣ್ಣ ಬರುವಷ್ಟು ನೀರು ಬೆರೆಸಿ ತೊಳೆಯಬಹುದು. ನಮ್ಮ ಕಡೆಯ ಬಿಸಿಲಿನಲ್ಲಿ ತೆರೆದ ಗಾಯಕ್ಕೆ ನೊಣ ಕುಳಿತು ಹುಳ ಬೀಳಲು ಹೆಚ್ಚು ಹೊತ್ತು ಬೇಕಿಲ್ಲ, ಹಾಗಾಗಿ ಬೆಳಿಗ್ಗೆ ಸಂಜೆ ಗರಿ ಸರಿಸಿ ನೋಡುತ್ತಿರಿ. ಜೊತೆಗಾತಿ ಗಾಯವನ್ನು ಕುಕ್ಕದಂತೆ ನಡುವೆ ಜಾಳಿಗೆ ಕಟ್ಟಿದರೆ ಸಾಕು. ಕಣ್ಣಿಗೆ ಕಾಣದಂತೆ ಬೇರೆ ಇಟ್ಟರೆ ಬಾತುಕೋಳಿ ಕೂಗಿ ಕೂಗಿ ಮೇವು ಬಿಡುತ್ತದೆ.

ಅತ್ತೆಯವರ ಮಾತನ್ನು ತೆಗೆದುಹಾಕಿದೆನೆಂದು ಅವರು ಬೇಸರಿಸಬಾರದು. ಅರಿಶಿನದ ಮೇಲೆ ನನಗೆ ಮುನಿಸಿಲ್ಲ, ತೊಂದರೆ ಇರುವುದು ಎಣ್ಣೆಯಲ್ಲಿ. ಮೊದಲೇ ಕಟ್ಟಿಕೊಂಡ ರಂಧ್ರಕ್ಕೆ ಅದು ಮತ್ತೊಂದು ಪದರ ಮೆತ್ತುತ್ತದೆ, ಗರಿಗೆ ಹತ್ತಿ ಧೂಳನ್ನೂ ಹಿಕ್ಕೆಯನ್ನೂ ಹಿಡಿಯುತ್ತದೆ. ಮನೆಯಲ್ಲಿ ಉಳಿದ ಸ್ಟಿರಾಯ್ಡ್ ಮುಲಾಮು, ನೋವಿನ ಮಾತ್ರೆಗಳನ್ನಂತೂ ಬಳಸಲೇಬೇಡಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ, ಅವುಗಳ ಕಳೇಬರ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಅವನ್ನು ಸಾಯಿಸಿತೆಂದೇ 2006ರಲ್ಲಿ ಭಾರತದಲ್ಲಿ ಪಶುಚಿಕಿತ್ಸೆಯಿಂದ ಅದನ್ನು ಹೊರಗಿಟ್ಟರು.

ಬಾವು ಬಂದು ಹತ್ತು ದಿನಗಳಾಗಿರುವುದರಿಂದ ಶಾಖವೊಂದನ್ನೇ ನಂಬಿ ಕೂರುವ ಕಾಲ ಮೀರಿದೆ. ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಹೋಗುವ ಮೊದಲು ಹಕ್ಕಿಗಳನ್ನು ನೋಡುವ ವೈದ್ಯರು ಯಾವ ಹೊತ್ತಿಗೆ ಇರುತ್ತಾರೆಂದು ಕೇಳಿಕೊಳ್ಳುವುದು ಒಳ್ಳೆಯದು. ಅವರು ರಂಧ್ರವನ್ನು ಮೆತ್ತಗಾಗಿಸಿ ಕಟ್ಟಿದ್ದನ್ನು ಹೊರತೆಗೆಯುತ್ತಾರೆ, ಸ್ರಾವದ ಮಾದರಿಯನ್ನು ಪರೀಕ್ಷೆಗೆ ಕಳಿಸಬಹುದು, ಬಾತುಕೋಳಿಯ ತೂಕ ನೋಡಿ ಆಂಟಿಬಯೋಟಿಕ್ ಮತ್ತು ನೋವಿನ ಔಷಧ ಬರೆಯುತ್ತಾರೆ. ಮಾದರಿಯನ್ನು ಆಂಟಿಬಯೋಟಿಕ್ ಶುರುವಾಗುವ ಮೊದಲೇ ತೆಗೆಯಬೇಕಾದ್ದರಿಂದ ಔಷಧದಂಗಡಿಯಿಂದ ಮಾತ್ರೆ ತಂದು ಅರ್ಧ ಕೋರ್ಸ್ ಮುಗಿಸಿ ಹೋಗಬೇಡಿ. ಗ್ರಂಥಿಯನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆಯುವುದು ಕೊನೆಯ ದಾರಿ. ಮೇವು ಬಿಟ್ಟರೆ, ಮಂಕಾಗಿ ಕುಳಿತರೆ, ರಕ್ತ ಬಂದರೆ ಅಥವಾ ಹುಳ ಕಂಡರೆ ಅದೇ ದಿನ ಹೊರಡಿ.

ಮೊಟ್ಟೆಯ ವಿಷಯ: ಔಷಧ ಕೊಡುವ ದಿನಗಳಲ್ಲಿಯೂ, ನಿಲ್ಲಿಸಿದ ಮೇಲೆ ವೈದ್ಯರು ಹೇಳುವಷ್ಟು ದಿನವೂ ತಿನ್ನಬಾರದು, ಮಾರಬಾರದು. ಔಷಧದ ಅಂಶ ಮೊಟ್ಟೆಗೆ ಇಳಿಯುತ್ತದೆ. ಮೊಟ್ಟೆ ಇಡುವ ಹಕ್ಕಿಯೆಂದು ವೈದ್ಯರಿಗೆ ಮೊದಲೇ ತಿಳಿಸಿ.

ಇಷ್ಟಾದರೂ ಬಾವು ಮತ್ತೆ ಬರದೆಂದು ಹೇಳಲಾರೆ, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಬಿಳಿಜೋಳದ ನುಚ್ಚು ಮತ್ತು ತಟ್ಟೆಯ ನೀರಿನ ಮೇಲೆ. ಜೋಳ ನಮ್ಮ ಹೊಟ್ಟೆ ಹೊರೆಯುವ ಧಾನ್ಯ ನಿಜ, ಆದರೆ ಬಿಳಿಜೋಳದಲ್ಲಾಗಲಿ ಅನ್ನದಲ್ಲಾಗಲಿ ಎ ಜೀವಸತ್ವದ ಮೂಲವಾದ ಹಳದಿ ವರ್ಣಕ ಇಲ್ಲವೆನ್ನುವಷ್ಟು ಕಡಿಮೆ. ಈ ಜೀವಸತ್ವದ ಕೊರತೆಯಾದಾಗ ಗ್ರಂಥಿಯ ಒಳಪದರ ಒರಟಾಗಿ, ಸುಲಿದ ಜೀವಕೋಶಗಳು ಎಣ್ಣೆಯೊಂದಿಗೆ ಗಟ್ಟಿಯಾಗಿ ಬಾಯಿ ಮುಚ್ಚುತ್ತವೆ. ಸೋಂಕು ಆಮೇಲೆ ಬರುವ ಅತಿಥಿ. ನುಚ್ಚಿನಲ್ಲಿ ಒಂದಷ್ಟು ಭಾಗ ಹಳದಿ ಗೋವಿನಜೋಳ ಬೆರೆಸಿ. ನುಗ್ಗೆಸೊಪ್ಪು, ರಾಜಗಿರಿ, ತುರಿದ ಗಜ್ಜರಿಯನ್ನು ದಿನವೂ ಹಾಕಿ. ಸಿಕ್ಕರೆ ಮೊಟ್ಟೆ ಇಡುವ ಹಕ್ಕಿಗಳ ಸಿದ್ಧ ಆಹಾರವೇ ಮುಖ್ಯ ಮೇವಾಗಲಿ. ಮೀನೆಣ್ಣೆಯ ಗುಳಿಗೆಯನ್ನು ಅಂದಾಜಿನಲ್ಲಿ ಕೊಡಬೇಡಿ, ಎ ಜೀವಸತ್ವ ಯಕೃತ್ತಿನಲ್ಲಿ ಕೂಡಿಕೊಂಡು ಅತಿಯಾದರೆ ಅದೂ ಕೆಡುಕೇ. ನೀರು ತಲೆಯೂ ಕೊಕ್ಕೂ ಪೂರ್ತಿ ಮುಳುಗುವಷ್ಟು ಆಳವಿದ್ದರೆ ಮಾತ್ರ ಬಾತುಕೋಳಿ ಮೈ ತೊಳೆದುಕೊಂಡು ಗರಿ ತಿದ್ದಲು ಮನಸ್ಸು ಮಾಡುತ್ತದೆ, ಹಾಗೆ ತಿದ್ದುವಾಗಲೇ ಗ್ರಂಥಿಯ ಎಣ್ಣೆ ಖರ್ಚಾಗುತ್ತದೆ. ತಟ್ಟೆ ತೆಗೆದು ಟಬ್ ಇಡಿ, ಹತ್ತಿ ಇಳಿಯಲು ಎರಡು ಇಟ್ಟಂಗಿ ಜೋಡಿಸಿ.

ಪ್ರಶ್ನೆ: ವಿಜಯಪುರದಲ್ಲಿ ನಮ್ಮ ಬಾತುಕೋಳಿಗೆ ಬಾವೇನೂ ಇಲ್ಲ. ಆದರೆ ಟಬ್‌ಗೆ ಇಳಿದರೆ ತೊಯ್ದು ತೊಪ್ಪೆಯಾಗಿ ನಡುಗುತ್ತದೆ. ಗರಿಗೆ ಕೊಬ್ಬರಿ ಎಣ್ಣೆ ಸವರಲೇ?

ಉತ್ತರ: ಬೇಡ. ಗರಿಯ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಾಳಿಯನ್ನು ಹಿಡಿದಿಡುವುದರಿಂದಲೇ ನೀರು ಒಳಗೆ ಇಳಿಯುವುದಿಲ್ಲ. ಹೊರಗಿನ ಎಣ್ಣೆ ಆ ಎಳೆಗಳನ್ನು ಗಂಟುಹಾಕಿ ಕೆಲಸ ಕೆಡಿಸುತ್ತದೆ. ಸೋಪಿನ ಪುಡಿಯಿಂದ ತೊಳೆಯುವ ಅಭ್ಯಾಸವಿದ್ದರೆ ನಿಲ್ಲಿಸಿ. ಎಣ್ಣೆಗ್ರಂಥಿಯನ್ನೂ ಪರೋಪಜೀವಿಗಳನ್ನೂ ಒಮ್ಮೆ ವೈದ್ಯರಿಂದ ನೋಡಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ಮಾತ್ರ ಸ್ವಲ್ಪ ಹೊತ್ತು ಶುದ್ಧ ನೀರಿಗೆ ಬಿಡಿ, ರಾತ್ರಿಗೆ ಒಣಹುಲ್ಲು ಹಾಸಿ. ಕೆಟ್ಟ ಗರಿ ಉದುರಿ ಹೊಸದು ಬಂದಾಗಲೇ ಪೂರ್ತಿ ಸರಿಯಾಗುತ್ತದೆ. ನಿಮ್ಮಲ್ಲಿ ನೀರಿನ ತಾಪತ್ರಯ ನನಗೆ ಗೊತ್ತು. ದಿನವೂ ಬದಲಿಸುವ ಟಬ್‌ನ ನೀರು ಹಿಕ್ಕೆ ಬೆರೆತದ್ದಾದ್ದರಿಂದ ಗಿಡಗಳ ಬುಡಕ್ಕೆ ಹಾಕಿದರೆ ವ್ಯರ್ಥವಾಗುವುದಿಲ್ಲ.