ಶಿರಾಡಿ ಮುಚ್ಚಿದಾಗ ಮಂಗಳೂರು ಎಷ್ಟು ದೂರ?

ನಮಸ್ಕಾರ. ಸಕಲೇಶಪುರದ ಹಳ್ಳಿಗಳಿಂದ ಮಂಗಳೂರಿನ ಆಸ್ಪತ್ರೆಗೆ ಎಷ್ಟು ಹೊತ್ತು ಬೇಕು, ಶಿರಾಡಿ ಘಾಟಿ ಮುಚ್ಚಿದರೆ ಎಷ್ಟಾಗುತ್ತದೆ, ನಕ್ಷೆಯ ಮೇಲೆ ವೃತ್ತ ಎಳೆದು ಲೆಕ್ಕ ಹಾಕಬಹುದಾ ಅಂತ ಕೇಳಿದ್ದೀರಿ.

ವೃತ್ತ ಬೇಡ. ಘಟ್ಟದ ಕಡೆ ಹಕ್ಕಿ ಹಾರುವ ದೂರವೇ ಬೇರೆ, ರಸ್ತೆಯ ದೂರವೇ ಬೇರೆ. ಓಪನ್‌ಸ್ಟ್ರೀಟ್‌ಮ್ಯಾಪ್‌ ಎಂಬ ಉಚಿತ ಅಂತರ್ಜಾಲ ನಕ್ಷೆಯಿಂದ ರಸ್ತೆಗಳನ್ನು ಇಳಿಸಿಕೊಳ್ಳಿ. ಪ್ರತಿ ತುಂಡಿಗೂ ಒಂದು ವೇಗ ಕೊಡಿ. ಉದ್ದವನ್ನು ವೇಗದಿಂದ ಭಾಗಿಸಿದರೆ ಸಮಯ ಸಿಗುತ್ತದೆ. ಆದರೆ ದಾರಿ ಲೆಕ್ಕ ಹಾಕುವ ತಂತ್ರಾಂಶ ತಾನಾಗಿ ಇಡುವ ವೇಗವನ್ನು ಸುಮ್ನೆ ನಂಬಬೇಡಿ. ಹೆದ್ದಾರಿ ಅಂತ ಕಂಡರೆ ಅದು ಜಾಸ್ತಿ ವೇಗ ಇಡುತ್ತದೆ. ತಿರುವು, ಮಂಜು, ಲಾರಿಗಳ ಸಾಲು ಅದಕ್ಕೆ ಗೊತ್ತಿಲ್ಲ. ದಿನಾ ಓಡಾಡುವ ಚಾಲಕರನ್ನು ಕೇಳಿ ಸರಿಮಾಡಿಕೊಳ್ಳಿ.

ಆಮೇಲೆ ಶಿರಾಡಿಯ ತುಂಡನ್ನು ತೆಗೆದು ಮತ್ತೆ ಲೆಕ್ಕ ಹಾಕಿ. ಎರಡರ ವ್ಯತ್ಯಾಸವೇ ನಿಮಗೆ ಬೇಕಾದದ್ದು. ಆದರೆ ಅದೊಂದನ್ನೇ ತೆಗೆದರೆ ಸಾಲದು, ಬದಲಿ ಘಾಟಿಗಳೂ ಮುಚ್ಚಬಹುದು. 2018ರ ಆಗಸ್ಟ್‌ನಲ್ಲಿ ಶಿರಾಡಿ, ಸಂಪಾಜೆ ಎರಡೂ ಘಾಟಿಗಳಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತು. ಮರುವರ್ಷ ಚಾರ್ಮಾಡಿ ಘಾಟಿಯ ಸರದಿ. ಎಲ್ಲ ಕಡೆ ಸುರಿಯುವುದು ಅದೇ ಮಳೆ ಅಲ್ವಾ? ಹಾಗಾಗಿ ಜೋಡಿ ಜೋಡಿಯಾಗಿ ತೆಗೆದು ನೋಡಿ. ಉಳಿದ ದಾರಿಗೆ ಎಲ್ಲ ಗಾಡಿಗಳೂ ನುಗ್ಗುತ್ತವೆ, ಅಲ್ಲಿನ ವೇಗವನ್ನೂ ಇಳಿಸಿ.

ಇನ್ನೊಂದು ಮಾತು. ದಾರಿಯೇ ಉಳಿಯದ ಹಳ್ಳಿಗೆ ಸಮಯ ಅನಂತ ಅಂತ ಬಂದು ಸರಾಸರಿ ಕೆಡುತ್ತದೆ. ಅದಕ್ಕಾಗಿ ಆ ಹಳ್ಳಿಗಳನ್ನು ಪಟ್ಟಿಯಿಂದ ಕಿತ್ತುಹಾಕಬೇಡಿ, ದಯವಿಟ್ಟು. ಬೇರೆಯಾಗಿ ಎಣಿಸಿ. ನಿಮ್ಮ ಲೆಕ್ಕ ಬೇಕಾಗಿರುವುದೇ ಅವರಿಗೆ. ಹಾಸನದ ಆಸ್ಪತ್ರೆಗಳನ್ನೂ ಸೇರಿಸಿಕೊಳ್ಳಿ. ಘಾಟಿ ಮುಚ್ಚಿದರೆ ಆ ಕಡೆ ಹೋಗುವುದೇ ಬೇಗ ಆಗಬಹುದು.