ಹತ್ತು ವರ್ಷದೊಳಗಿನವರಿಗೆ ಅರ್ಧ ಟಿಕೆಟ್

ಓದುಗರ ಪತ್ರ: ಹೋದ ವಾರ ‘ಷಿಂಡ್ಲರ್ಸ್ ಲಿಸ್ಟ್’ ನೋಡಿದೆ. ಮುಗಿದ ಮೇಲೂ ಏಳಲಾಗಲಿಲ್ಲ, ಅತ್ತುಬಿಟ್ಟೆ. ಶಾಲೆಯಲ್ಲಿ ಹಿಟ್ಲರ್ ಬಗ್ಗೆ ಓದಿದ್ದು ಪರೀಕ್ಷೆಗೆ ಮಾತ್ರ. ಯಾವ ಪುಸ್ತಕವೂ ಕಲಿಸದ್ದನ್ನು ಮೂರು ಗಂಟೆಯ ಸಿನಿಮಾ ಕಲಿಸಿತು. ಇನ್ನು ಇತಿಹಾಸದ ದಪ್ಪ ಪುಸ್ತಕಗಳು ಯಾಕೆ ಬೇಕು ಸಾರ್? ಇಂಥ ಸಿನಿಮಾಗಳನ್ನೇ ಶಾಲೆಗಳಲ್ಲಿ ಕಡ್ಡಾಯ ಮಾಡಬಾರದೇ?

ಸಂಪಾದಕರ ಉತ್ತರ: ನೀವು ಅತ್ತಿದ್ದು ಒಳ್ಳೆಯದೇ. 1993ರ ಆ ಸಿನಿಮಾ ನೋಡಿ ಕಣ್ಣು ಒದ್ದೆಯಾಗದವರ ಜೊತೆ ನಾನು ಜಾಸ್ತಿ ಮಾತು ಬೆಳೆಸುವುದಿಲ್ಲ. ಆಸ್ಕರ್ ಷಿಂಡ್ಲರ್ ಎಂಬ ಜರ್ಮನ್ ಕಾರ್ಖಾನೆ ಮಾಲೀಕ ಸುಮಾರು 1,100 ಯಹೂದಿಗಳ ಜೀವ ಉಳಿಸಿದ್ದೂ ನಿಜ. ನಿರ್ದೇಶಕ ಸ್ಪೀಲ್‌ಬರ್ಗ್ ಅದನ್ನು ಚೆನ್ನಾಗಿಯೇ ತೆಗೆದಿದ್ದಾರೆ. ಹೊಗಳಿದ್ದು ಇಷ್ಟು ಸಾಕು ಅಲ್ವಾ? ಇನ್ನು ಜಗಳಕ್ಕೆ ಬರೋಣ.

ಹಿಟ್ಲರನ ನಾಜಿಗಳು ಮತ್ತು ಅವರ ಜೊತೆಗಾರರ ಕೈಯಲ್ಲಿ ಕೊಲೆಯಾದ ಯಹೂದಿಗಳು ಸುಮಾರು 60 ಲಕ್ಷ. ನೀವು ನೋಡಿದ್ದು ಹೆಚ್ಚಾಗಿ ಉಳಿದುಕೊಂಡವರ ಕಥೆ. ಸಿನಿಮಾಕ್ಕೆ ಒಬ್ಬ ನಾಯಕ ಬೇಕು, ಒಬ್ಬ ಖಳ ಬೇಕು. ಯಹೂದಿಗಳನ್ನು ಕೂಡಿಹಾಕಿದ್ದ ಕ್ಯಾಂಪಿನ ಅಧಿಕಾರಿ ಆಮೊನ್ ಗೋತ್ ಬಾಲ್ಕನಿಯಲ್ಲಿ ನಿಂತು ಗುಂಡು ಹೊಡೆಯುವಾಗ ನಮಗೆ ಮೈ ಉರಿಯುತ್ತದೆ. ‘ಸದ್ಯ, ನಾನು ಇಂಥ ರಾಕ್ಷಸ ಅಲ್ಲ’ ಎಂಬ ಸಮಾಧಾನವೂ ಒಳಗೊಳಗೇ ಆಗುತ್ತದೆ. ಆ ಸಮಾಧಾನದ ಮೇಲೇ ನನ್ನ ಸಿಟ್ಟು.

ರಾವುಲ್ ಹಿಲ್ಬರ್ಗ್ ಎಂಬ ಇತಿಹಾಸಕಾರರಿದ್ದರು. ವಿಯೆನ್ನಾದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ನಾಜಿಗಳಿಂದ ತಪ್ಪಿಸಿಕೊಂಡು ಬಂದವರು. ಯುದ್ಧದ ನಂತರ ಜರ್ಮನ್ ಕಚೇರಿಗಳ ಕಡತಗಳನ್ನು ವರ್ಷಗಟ್ಟಲೆ ಓದಿದರು. ಮೆಮೊ, ಬಿಲ್ಲು, ರೈಲಿನ ವೇಳಾಪಟ್ಟಿ. ನೀವು ಬೇಡ ಅನ್ನುವ ದಪ್ಪ ಪುಸ್ತಕವನ್ನೇ ಬರೆದರು. ಹಲವು ಪ್ರಕಾಶಕರು ವಾಪಸ್ ಕಳಿಸಿದ ಮೇಲೆ 1961ರಲ್ಲಿ ಅದು ಹೊರಬಂತು.

ಆ ಕಡತಗಳಲ್ಲಿ ರೈಲು ದರದ ಲೆಕ್ಕವಿದೆ. ಸಾವಿನ ಕ್ಯಾಂಪಿಗೆ ಜನರನ್ನು ಒಯ್ಯಲು ಜರ್ಮನ್ ಸರಕಾರಿ ರೈಲ್ವೆ ದುಡ್ಡು ತೆಗೆದುಕೊಳ್ಳುತ್ತಿತ್ತು. ಜನರನ್ನು ತುಂಬುತ್ತಿದ್ದುದು ಹೆಚ್ಚಾಗಿ ಗೂಡ್ಸ್ ಬೋಗಿಗಳಿಗೆ. ದರ ಮಾತ್ರ ಮೂರನೇ ದರ್ಜೆಯದು, ಒಬ್ಬರಿಗೆ ಕಿಲೋಮೀಟರಿಗೆ 4 ಫೆನಿಗ್ (ಆಗಿನ ಜರ್ಮನ್ ಪೈಸೆ). ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ ಟಿಕೆಟ್. ನಾಲ್ಕು ವರ್ಷದೊಳಗಿನವರಿಗೆ ಟಿಕೆಟ್ಟೇ ಇಲ್ಲ. 400 ಜನರ ಮೇಲಿದ್ದರೆ ಗುಂಪಿನ ರಿಯಾಯಿತಿ. ಕಾವಲಿನವರಿಗೆ ಹೋಗಿ ಬರುವ ಟಿಕೆಟ್, ಯಹೂದಿಗಳಿಗೆ ಹೋಗುವುದಕ್ಕೆ ಮಾತ್ರ.

ಇದನ್ನು ಓದಿದಾಗ ನನಗೆ ಅಳು ಬರಲಿಲ್ಲ. ಹೊಟ್ಟೆ ತೊಳಸಿತು. ಆ ಲೆಕ್ಕ ಬರೆದ ಗುಮಾಸ್ತ ಯಾರಿಗೂ ಒಂದು ಏಟು ಹೊಡೆದವನಲ್ಲ. ಮಕ್ಕಳ ರಿಯಾಯಿತಿ ತಪ್ಪದ ಹಾಗೆ ನೋಡಿಕೊಂಡವನು. ಸಂಜೆ ಬೀಗ ಹಾಕಿ ಮನೆಗೆ ಹೋಗಿರುತ್ತಾನೆ. ಇವನನ್ನು ನೋಡಿ ‘ನಾನು ಇವನಲ್ಲ’ ಎಂದು ಅಷ್ಟು ಬೇಗ ಹೇಳಲಾಗುವುದಿಲ್ಲ. ಗುಂಡು ಹೊಡೆಯುವವನನ್ನು ಸಿನಿಮಾ ತೋರಿಸಬಲ್ಲದು. ಇವನನ್ನು ತೋರಿಸಿದರೆ ಪ್ರೇಕ್ಷಕರು ಆಕಳಿಸುತ್ತಾರೆ.

ಇನ್ನು ‘ಪುಸ್ತಕ ಯಾಕೆ ಬೇಕು’ ಎಂಬ ಪ್ರಶ್ನೆ. ಇದನ್ನು ಇತಿಹಾಸಕಾರ ಇಮ್ಯಾನುಯೆಲ್ ರಿಂಗೆಲ್ಬ್ಲೂಮ್ ಅವರ ಮುಂದೆ ಕೇಳಲು ನನಗಂತೂ ಬಾಯಿ ಬರುತ್ತಿರಲಿಲ್ಲ. ಪೋಲೆಂಡಿನ ವಾರ್ಸಾದಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯಲ್ಲಿ, ಅಂದರೆ ಘೆಟ್ಟೋದಲ್ಲಿ, ಸುತ್ತಲೂ ಜನ ಹಸಿವಿನಿಂದ ಸಾಯುತ್ತಿದ್ದಾಗ ಇವರು ಗುಟ್ಟಾಗಿ ಒಂದು ತಂಡ ಕಟ್ಟಿಕೊಂಡು ಕಾಗದ ಕೂಡಿಡುತ್ತಿದ್ದರು. ದಿನಚರಿ, ರೇಷನ್ ಕಾರ್ಡು, ಮಕ್ಕಳ ಪ್ರಬಂಧ, ಮಿಠಾಯಿ ಸುತ್ತಿದ ಕಾಗದ ಕೂಡ. ಎಲ್ಲವನ್ನೂ ತಗಡಿನ ಪೆಟ್ಟಿಗೆಗಳಲ್ಲಿ, ಹಾಲಿನ ಕ್ಯಾನುಗಳಲ್ಲಿ ತುಂಬಿ ನೆಲದಲ್ಲಿ ಹೂತರು. ಒಂದು ಭಾಗ 1946ರಲ್ಲಿ ಸಿಕ್ಕಿತು, ಇನ್ನೊಂದು 1950ರಲ್ಲಿ. ಮೂರನೆಯದು ಇವತ್ತಿಗೂ ಸಿಕ್ಕಿಲ್ಲ. ಸಿಕ್ಕಿದ್ದೇ ಸುಮಾರು 35 ಸಾವಿರ ಪುಟ. ರಿಂಗೆಲ್ಬ್ಲೂಮ್ ಅವರನ್ನು ನಾಜಿಗಳು 1944ರಲ್ಲಿ ಕೊಂದರು. ಮುಂದೆ ಯಾರೋ ಕೂತು ಓದುತ್ತಾರೆ ಎಂಬ ನಂಬಿಕೆಯಿಂದಲೇ ಅಲ್ವಾ ಹೂತದ್ದು? ಆ ‘ಯಾರೋ’ಗಳಲ್ಲಿ ನೀವೂ ಒಬ್ಬರು. ಸುಮ್ನೆ ಬೈಯುತ್ತಿಲ್ಲ. ಅಳುವಷ್ಟು ಮನಸ್ಸಿರುವವರು ಓದಬಲ್ಲಿರಿ ಎಂದೇ ಇಷ್ಟು ಹೇಳುತ್ತಿದ್ದೇನೆ.

ಸ್ಪೀಲ್‌ಬರ್ಗ್ ಅವರಿಗೇ ಸಿನಿಮಾ ಸಾಕು ಅನ್ನಿಸಲಿಲ್ಲ. ಮರುವರ್ಷವೇ ಒಂದು ಸಂಸ್ಥೆ ಕಟ್ಟಿ, ಬದುಕುಳಿದವರ ಮಾತನ್ನು ವಿಡಿಯೊದಲ್ಲಿ ದಾಖಲಿಸಲು ಹೊರಟರು. ಅಂಥ ಸಾಕ್ಷ್ಯಗಳು ಈಗ 50 ಸಾವಿರದ ಮೇಲಿವೆ. ಸಿನಿಮಾ ನೋಡಿದ ಕೋಟಿಗಟ್ಟಲೆ ಜನರಲ್ಲಿ ಇವುಗಳಲ್ಲಿ ಒಂದನ್ನಾದರೂ ಪೂರ್ತಿ ಕೇಳಿದವರು ಎಷ್ಟು ಜನ ಇದ್ದಾರು?

ಇದು ಇವತ್ತಿನ ರೋಗವೂ ಅಲ್ಲ. ಆಶ್ವಿಟ್ಜ್ ಎಂಬ ಸಾವಿನ ಕ್ಯಾಂಪಿನಿಂದ ಬದುಕಿ ಬಂದ ಪ್ರೀಮೊ ಲೆವಿ ಅಲ್ಲಿನ ದಿನಗಳ ಬಗ್ಗೆ ಒಂದು ಪುಸ್ತಕ ಬರೆದರು. ದೊಡ್ಡ ಪ್ರಕಾಶಕರು ಬೇಡ ಅಂದರು. ಒಂದು ಸಣ್ಣ ಪ್ರಕಾಶನ 1947ರಲ್ಲಿ 2,500 ಪ್ರತಿ ಅಚ್ಚು ಹಾಕಿತು, ಅದೂ ಪೂರ್ತಿ ಖರ್ಚಾಗಲಿಲ್ಲ. ನೋವು ಕೂಡ ನಮಗೆ ರುಚಿಯಾಗಿಯೇ ಬೇಕು, ಸಂಗೀತ ಇರಬೇಕು, ಬೇಗ ಮುಗಿಯಬೇಕು. ನಮ್ಮ ಪತ್ರಿಕೆಯಲ್ಲಿ ನಾಲ್ಕು ಪುಟದ ಇತಿಹಾಸ ಲೇಖನ ಬಂದರೆ ಸಾಕು, ‘ಉದ್ದ ಆಯಿತು, ಚಿತ್ರ ಹಾಕಿ’ ಎಂಬ ಪತ್ರಗಳು ಶುರು. ಸಿನಿಮಾ ಪುರವಣಿ ಉದ್ದವಾಯಿತು ಎಂದು ಇದುವರೆಗೆ ಒಬ್ಬರೂ ಬರೆದಿಲ್ಲ.

ಶಾಲೆಯಲ್ಲಿ ಕಡ್ಡಾಯ ಮಾಡುವುದು ಬೇಡ. ಕಡ್ಡಾಯ ಮಾಡಿದರೆ ಅದೂ ಪರೀಕ್ಷೆಗೆ ಮಾತ್ರ ಆಗಿಬಿಡುತ್ತದೆ, ಅದರ ಕಷ್ಟ ನಿಮಗೇ ಗೊತ್ತು. ತೋರಿಸುವ ಮೇಷ್ಟ್ರು ತೋರಿಸಲಿ. ಮಾರನೆಯ ದಿನ ಆ ರೈಲು ದರದ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯಲಿ.

ನಿಮಗೆ ಒಂದು ಕೆಲಸ ಕೊಡುತ್ತೇನೆ. ಕ್ಲೋದ್ ಲಾಂಜ್ಮನ್ ಅವರ ‘ಶೋವಾ’ ಸಾಕ್ಷ್ಯಚಿತ್ರ ನೋಡಿ, 1985ರದು. ಒಂಬತ್ತು ಗಂಟೆಗೂ ಹೆಚ್ಚು. ಹಳೆಯ ದೃಶ್ಯದ ತುಣುಕು ಒಂದೂ ಇಲ್ಲ, ಬರೀ ಜನ ಮಾತಾಡುತ್ತಾರೆ. ಹಿಲ್ಬರ್ಗ್ ಕೂಡ ಒಂದು ವೇಳಾಪಟ್ಟಿ ಹಿಡಿದು ವಿವರಿಸುತ್ತಾರೆ. ಒಂದೇ ಸಲಕ್ಕೆ ಬೇಡ, ಭಾಗ ಮಾಡಿಕೊಂಡು ನೋಡಿ. ಬೋರ್ ಆಯಿತು ಅಂತ ಬರೆದರೂ ಪ್ರಕಟಿಸುತ್ತೇನೆ, ಆದರೆ ಪೂರ್ತಿ ನೋಡಿದ ಮೇಲೆ ಬರೆಯಿರಿ.