ಅಪಾರ್ಟ್‌ಮೆಂಟಿನ ವಿದ್ಯುತ್ ಬಿಲ್ ಇಳಿಯುತ್ತಿಲ್ಲ, ಎನರ್ಜಿ ಆಡಿಟ್ ಮಾಡಿಸಿದರೆ ಪ್ರಯೋಜನವಿದೆಯೇ?

ನೀವು ಕೇಳಿರುವುದು ಇಷ್ಟು: ಬೆಂಗಳೂರಿನಲ್ಲಿ ಐದು ಮಹಡಿಯ, 80 ಮನೆಗಳ ಅಪಾರ್ಟ್‌ಮೆಂಟ್. ಈ ವರ್ಷ ಸಂಘದ ಖಜಾಂಚಿ ನೀವು. ಕಾರಿಡಾರ್ ಮತ್ತು ಪಾರ್ಕಿಂಗ್‌ನಲ್ಲಿದ್ದ 28 ವಾಟ್‌ನ 60 ಟ್ಯೂಬ್‌ಲೈಟ್‌ಗಳನ್ನು ತೆಗೆದು ಎಲ್‌ಇಡಿ ಹಾಕಿಸಿದಿರಿ, ಆದರೂ ಎಲ್ಲರಿಗೂ ಸೇರಿದ ಬಳಕೆಯ ಸಾಮಾನ್ಯ ಮೀಟರಿನ ಬಿಲ್ ಇಳಿದದ್ದು ಕಣ್ಣಿಗೆ ಕಾಣಲಿಲ್ಲ. ಈಗ ಒಂದು ಕಂಪನಿ ಉಚಿತವಾಗಿ ಎನರ್ಜಿ ಆಡಿಟ್ (ವಿದ್ಯುತ್ ಎಲ್ಲಿ ಎಷ್ಟು ಖರ್ಚಾಗುತ್ತಿದೆ ಎಂದು ಅಳೆದು ನೋಡುವ ತಪಾಸಣೆ) ಮಾಡಿಕೊಡುತ್ತೇವೆ ಎನ್ನುತ್ತಿದೆ. ಒಪ್ಪಿಕೊಳ್ಳಬಹುದೇ?

ಆಡಿಟ್ ಖಂಡಿತ ಮಾಡಿಸಿ. ಆದರೆ ಈ ಉಚಿತ ಆಡಿಟ್ ಬೇಡ. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೂ ಮೊದಲು ನೀವೇ ಮಾಡಬಹುದಾದ ಕೆಲಸ ಸಾಕಷ್ಟಿದೆ.

ನಾನು ಇಂಧನ ದಕ್ಷತಾ ಬ್ಯೂರೋದ ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆದ ಆಡಿಟರ್. ಕಾಲೇಜು, ಆಸ್ಪತ್ರೆ, ಅಪಾರ್ಟ್‌ಮೆಂಟ್‌ಗಳ ಕೆಳಮಹಡಿಗಳಲ್ಲಿ ಹದಿನಾಲ್ಕು ವರ್ಷ ಓಡಾಡಿದ್ದೇನೆ. ಅನುಭವದಿಂದ ಹೇಳುವುದಾದರೆ, ಕಟ್ಟಡಗಳಲ್ಲಿ ವಿದ್ಯುತ್ ಪೋಲಾಗುವುದು ನಮ್ಮ ಕಣ್ಣಿಗೆ ಬೀಳುವ ದೀಪಗಳಲ್ಲಿ ಅಲ್ಲ, ಯಾರೂ ಹೋಗಿ ನೋಡದ ಜಾಗದಲ್ಲಿ, ಯಾರೂ ಎಚ್ಚರವಿಲ್ಲದ ಹೊತ್ತಿನಲ್ಲಿ.

ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳಿ. ಟ್ಯೂಬ್‌ಲೈಟ್ ಒಂದಕ್ಕೆ ಹತ್ತು ವಾಟ್ ಉಳಿಯಿತು ಎಂದುಕೊಂಡರೂ 60 ದೀಪ, ದಿನಕ್ಕೆ 12 ಗಂಟೆ, ಒಟ್ಟು ಉಳಿದದ್ದು ಸುಮಾರು 7 ಯೂನಿಟ್. ತಪ್ಪು ಮಾಡಿದಿರಿ ಎನ್ನುತ್ತಿಲ್ಲ, ಆ ಉಳಿತಾಯ ನಿಜವೇ. ಈಗ ನಿಮ್ಮ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಕೋಣೆಗೆ ಇಳಿದು ನೋಡಿ. ಕೊಳಚೆ ನೀರಿಗೆ ಗಾಳಿ ಊದುವ ಬ್ಲೋವರ್ ಅಲ್ಲಿ ಹಗಲು ರಾತ್ರಿ ಗುಂಯ್ ಎನ್ನುತ್ತಿರುತ್ತದೆ. ನಿಮ್ಮಷ್ಟು ದೊಡ್ಡ ಸಮುಚ್ಚಯದಲ್ಲಿ 5 ಎಚ್‌ಪಿ ಬ್ಲೋವರ್ ಇರಬಹುದು. ಅದು 3.5 ಕಿಲೋವಾಟ್ ಎಳೆದರೆ 24 ಗಂಟೆಗೆ 84 ಯೂನಿಟ್, ತಿಂಗಳಿಗೆ 2,500ಕ್ಕೂ ಹೆಚ್ಚು. ಏಳು ಯೂನಿಟ್ ಉಳಿದದ್ದು ಬಿಲ್ಲಿನಲ್ಲಿ ಏಕೆ ಕಾಣಲಿಲ್ಲ ಎಂಬುದಕ್ಕೆ ಉತ್ತರ ಅಲ್ಲೇ ಇದೆ.

ಹಾಗೆಂದು ಬ್ಲೋವರನ್ನು ರಾತ್ರಿಯಿಡೀ ಆರಿಸಿಬಿಡಬೇಡಿ. ಕೊಳಚೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳಿಗೆ ಉಸಿರು ಬೇಕು. ಅವು ಸತ್ತರೆ ಎರಡೇ ದಿನದಲ್ಲಿ ದುರ್ವಾಸನೆ ಮೇಲಿನ ಮಹಡಿಗೂ ಏರುತ್ತದೆ, ಶೌಚಾಲಯಕ್ಕೂ ಗಿಡಗಳಿಗೂ ಹೋಗುವ ನೀರು ಕೆಡುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಎಲ್ಲ ಮನೆಗಳೂ ತುಂಬಿದಾಗ ಬರುವ ಕೊಳಚೆಗೆ ಲೆಕ್ಕ ಹಾಕಿ ಕೂರಿಸಿದ ಬ್ಲೋವರ್ ಇದು, ನಿಮ್ಮಲ್ಲಿ ಎಷ್ಟು ಮನೆಗಳಲ್ಲಿ ಜನರಿದ್ದಾರೆ? ತೊಟ್ಟಿಯ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಆಸುಪಾಸಿನಲ್ಲಿದ್ದರೆ ಸಾಮಾನ್ಯವಾಗಿ ಸಾಕು. ಅಳೆದಾಗ ಅದು 5 ಬಂದರೆ ಬೇಕಿಲ್ಲದ ಗಾಳಿಗೆ ದುಡ್ಡು ಕೊಡುತ್ತಿದ್ದೀರಿ ಎಂದರ್ಥ. ತೊಟ್ಟಿಯ ಮೇಲೆ ನಿಂತು ಗುಳ್ಳೆಗಳನ್ನೂ ನೋಡಿ. ಎಲ್ಲೆಡೆ ಸಣ್ಣ ಗುಳ್ಳೆ ಸಮನಾಗಿ ಏಳುತ್ತಿರಬೇಕು. ಒಂದು ಮೂಲೆಯಲ್ಲಿ ಮಾತ್ರ ದಪ್ಪ ಗುಳ್ಳೆ ಬುಗ್ಗೆಯಂತೆ ಉಕ್ಕುತ್ತಿದ್ದರೆ ಅಲ್ಲಿ ಡಿಫ್ಯೂಸರ್, ಅಂದರೆ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಪೊರೆ, ಹರಿದಿದೆ. ಉಳಿದವು ಕಟ್ಟಿಕೊಂಡಿದ್ದರೆ ಒತ್ತಡ ಏರಿ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ.

ಇಲ್ಲೊಂದು ಎಚ್ಚರಿಕೆ. ಮೋಟಾರಿನ ವೇಗ ಕಡಿಮೆ ಮಾಡುವ ವಿಎಫ್‌ಡಿ ಎಂಬ ಸಾಧನ ಮಾರಲು ಬರುವವರು, ‘ವೇಗ ಶೇ 20 ಇಳಿಸಿದರೆ ವಿದ್ಯುತ್ ಅರ್ಧಕ್ಕರ್ಧ ಉಳಿಯುತ್ತದೆ’ ಎನ್ನುತ್ತಾರೆ. ಕೆಳಮಹಡಿಯ ಪಾರ್ಕಿಂಗ್‌ನಿಂದ ಹೊಗೆ ಹೊರದೂಡುವ ಫ್ಯಾನ್‌ಗೆ ಅದು ಹೆಚ್ಚುಕಡಿಮೆ ಸರಿ. ಅಲ್ಲಿ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಇಳಿಯುತ್ತದೆ, 0.8ರ ಘನ 0.51. ಎಸ್‌ಟಿಪಿಯ ರೂಟ್ಸ್ ಬ್ಲೋವರ್‌ಗೆ (ಪ್ರತಿ ಸುತ್ತಿಗೂ ನಿಗದಿತ ಪ್ರಮಾಣದ ಗಾಳಿ ತಳ್ಳುವ ಬಗೆ) ಆ ನಿಯಮ ಅನ್ವಯಿಸುವುದಿಲ್ಲ. ತೊಟ್ಟಿಯ ಆಳ ಬದಲಾಗದ ಕಾರಣ ಅದು ಎದುರಿಸುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ವೇಗ ಶೇ 20 ಇಳಿದರೆ ವಿದ್ಯುತ್ತೂ ಸುಮಾರು ಶೇ 20 ಮಾತ್ರ ಇಳಿಯುತ್ತದೆ. ಅದೂ ಒಳ್ಳೆಯ ಉಳಿತಾಯವೇ. ಆದರೆ ಅರ್ಧ ಉಳಿಯುತ್ತದೆಂದು ನಂಬಿ ಸಭೆಯಲ್ಲಿ ಮಾತು ಕೊಟ್ಟರೆ, ಮುಂದಿನ ವರ್ಷ ನೀವು ಏನೇ ಹೇಳಿದರೂ ನೆರೆಹೊರೆಯವರು ನಂಬುವುದಿಲ್ಲ.

ಇನ್ನು ನೀರಿನ ಮೋಟಾರ್. ಇದು ನನಗೆ ಬಹಳ ಇಷ್ಟದ ಭಾಗ, ಏಕೆಂದರೆ ಇಲ್ಲಿ ಸರಳ ಲೆಕ್ಕವೇ ಅರ್ಧ ಆಡಿಟ್ ಮಾಡಿಬಿಡುತ್ತದೆ. ಸಾವಿರ ಲೀಟರ್ ನೀರನ್ನು ಒಂದು ಮೀಟರ್ ಮೇಲೆತ್ತಲು 2.7 ವಾಟ್-ಅವರ್ ಬೇಕು (ಸಾವಿರ ವಾಟ್-ಅವರ್ ಎಂದರೆ ಒಂದು ಯೂನಿಟ್). ಇದು ಪ್ರಕೃತಿಯ ನಿಯಮ, ಯಾವ ಕಂಪನಿಯ ಪಂಪಿಗೂ ಇದಕ್ಕಿಂತ ಕಡಿಮೆ ಸಾಧ್ಯವಿಲ್ಲ. ನಿಮ್ಮಲ್ಲಿ 250 ಜನ, ತಲೆಗೆ 135 ಲೀಟರಿನಂತೆ ದಿನಕ್ಕೆ ಸುಮಾರು 34,000 ಲೀಟರ್. ಸಂಪಿನಿಂದ ತಾರಸಿಯ ಟ್ಯಾಂಕಿಗೆ 25 ಮೀಟರ್ ಎತ್ತರವಿದ್ದರೆ 2.3 ಯೂನಿಟ್. ಪಂಪ್ ಮತ್ತು ಮೋಟಾರ್ ಸೇರಿ ದಕ್ಷತೆ ಶೇ 40 ಎಂದು ಹಿಡಿದರೂ 6 ಯೂನಿಟ್‌ನೊಳಗೆ ಕೆಲಸ ಮುಗಿಯಬೇಕು.

ನಿಮ್ಮದರಂತೆಯೇ ಇದ್ದ ಒಂದು ಸಮುಚ್ಚಯದಲ್ಲಿ ನಾನು ಅಳೆದಾಗ ಬಂದದ್ದು ದಿನಕ್ಕೆ 17 ಯೂನಿಟ್. ಪಂಪ್ ಹಳೆಯದಾಗಿತ್ತು, ಬದಲಿಸೋಣ ಎಂದು ಕಮಿಟಿಯವರು ಹೊರಟಿದ್ದರು. ಒಂದು ರಾತ್ರಿ ಕಾಯಿರಿ ಎಂದೆ. ಕಾವಲುಗಾರರೊಂದಿಗೆ ಸಂಪಿನ ಪಕ್ಕದಲ್ಲಿ ಕುಳಿತೆ. ರಾತ್ರಿ ಒಂದು ಗಂಟೆಯ ಹೊತ್ತಿಗೆ ಮೋಟಾರ್ ನಿಂತಿತು, ಇಡೀ ಕಟ್ಟಡ ಮಲಗಿತ್ತು. ಆದರೂ ಸಂಪಿನೊಳಗೆ ನೀರು ಬೀಳುವ ಸದ್ದು ನಿಲ್ಲಲಿಲ್ಲ. ಬೆಸ್ಕಾಂ ವಿದ್ಯುತ್ ಕೊಟ್ಟು ಮೇಲೆ ಹತ್ತಿಸಿದ ನೀರು ಅದೇ ಪೈಪಿನಲ್ಲಿ ವಾಪಸು ಇಳಿಯುತ್ತಿತ್ತು! ನೀರು ಹಿಂದಕ್ಕೆ ಬರದಂತೆ ತಡೆಯುವ, ಪಂಪಿನ ಪಕ್ಕದ ನಾನ್ ರಿಟರ್ನ್ ವಾಲ್ವ್ ಸವೆದಿತ್ತು. ಅದೊಂದೇ ಆಗಿದ್ದರೆ ಪೈಪಿನಲ್ಲಿದ್ದಷ್ಟು ನೀರು ಮಾತ್ರ ಇಳಿಯಬೇಕಿತ್ತು. ಬೆಳಿಗ್ಗೆ ತಾರಸಿಗೆ ಹತ್ತಿ ನೋಡಿದರೆ, ಟ್ಯಾಂಕಿನೊಳಗೆ ಪೈಪಿನ ಬಾಯಿ ನೀರಿನಲ್ಲಿ ಮುಳುಗಿತ್ತು. ನೀರು ಧುಮುಕುವ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದು ಮೇಲಿನ ಮನೆಯವರು ದೂರಿದ್ದಕ್ಕೆ ಪ್ಲಂಬರ್ ಎರಡು ವರ್ಷದ ಹಿಂದೆ ಪೈಪನ್ನು ಕೆಳಗಿನವರೆಗೆ ಉದ್ದ ಮಾಡಿದ್ದರಂತೆ. ಹಾಗಾಗಿ ಟ್ಯಾಂಕಿನ ನೀರೇ ಸೈಫನ್ ಆಗಿ, ಅಂದರೆ ತುಂಬಿದ ಪೈಪು ತಾನೇ ಎಳೆದುಕೊಂಡು, ಕೆಳಗೆ ಹರಿಯುತ್ತಿತ್ತು. ಹೊಸ ವಾಲ್ವ್ ಹಾಕಿಸಿ, ನೀರಿನ ಮಟ್ಟಕ್ಕಿಂತ ಮೇಲೆ ಪೈಪಿಗೆ ಗಾಳಿಯಾಡಲು ಸಣ್ಣ ರಂಧ್ರ ಮಾಡಿಸಿದೆವು. ಮಾರನೆಯ ವಾರದ ಸರಾಸರಿ 8 ಯೂನಿಟ್‌ಗೆ ಇಳಿಯಿತು. ಹೊಸ ಪಂಪ್ ತಂದು ಕೂರಿಸಿದ್ದರೆ ಅದೂ ಅದೇ ನೀರನ್ನು ಎರಡೆರಡು ಸಲ ಎತ್ತುತ್ತಿತ್ತು.

ಇಂಥದ್ದನ್ನು ಕಂಡಾಗ ನನಗೆ ಸುಮ್ಮನಿರಲು ಆಗುವುದಿಲ್ಲ. ನಮ್ಮದು ಶರಾವತಿ ಕೊಳ್ಳದ ಮುಳುಗಡೆ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅಜ್ಜನ ಮನೆ, ಅಡಿಕೆ ತೋಟ ಎರಡೂ ನೀರಿನಡಿಗೆ ಹೋದವು. ಆ ನೀರಿನಿಂದ ಹುಟ್ಟಿದ ವಿದ್ಯುತ್ತು ಯಾವುದೋ ಸಂಪಿನಲ್ಲಿ ಹೀಗೆ ಸೋರುವುದು ನನ್ನ ಮಟ್ಟಿಗೆ ಬರೀ ಬಿಲ್ಲಿನ ವಿಷಯವಲ್ಲ.

ನೀವು ಈಗ ಮಾಡಬೇಕಾದದ್ದು ಇದು. ಒಂದು ನೋಟ್‌ಬುಕ್ ತಂದು ಕಾವಲುಗಾರರ ಕೈಗೆ ಕೊಡಿ. ಏಳು ದಿನ, ರಾತ್ರಿ 11ಕ್ಕೆ ಮತ್ತು ಬೆಳಗಿನ 5ಕ್ಕೆ ಸಾಮಾನ್ಯ ಮೀಟರಿನ ರೀಡಿಂಗ್ ಬರೆಯಲಿ. ಮೋಟಾರ್ ಹಾಕಿದ, ಆರಿಸಿದ ಹೊತ್ತನ್ನೂ ಬರೆಯಲಿ. ಆ ಆರು ಗಂಟೆಯ ಯೂನಿಟ್‌ಗಳಲ್ಲಿ ದೀಪ, ಬ್ಲೋವರ್, ಲಿಫ್ಟ್‌ನ ಲೆಕ್ಕ ಕಳೆದು ಉಳಿದದ್ದು ಏನು ಎಂದು ಹುಡುಕಿ. ನಾನು ನೋಡಿದ ಒಂದು ಕಟ್ಟಡದಲ್ಲಿ ಹೀಗೆ ಉಳಿದದ್ದಕ್ಕೆ ಕಾರಣ, ಯಾರದೋ ಮನೆಯ ಗೀಸರ್ ಸಾಮಾನ್ಯ ಲೈನಿಗೆ ಸೇರಿದ್ದದ್ದು. ಕಟ್ಟುವಾಗ ಆದ ತಪ್ಪು, ಆ ಮನೆಯವರಿಗೂ ಗೊತ್ತಿರಲಿಲ್ಲ. ಪ್ಯಾನೆಲ್ ತೆರೆದು ಕ್ಲ್ಯಾಂಪ್ ಮೀಟರ್ (ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಸಾಧನ) ಹಿಡಿಯುವ ಕೆಲಸವನ್ನು ಮಾತ್ರ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮಾಡಲಿ, ನೀವು ಕೈ ಹಾಕಬೇಡಿ.

ಹಿಂದಿನ ಎರಡು ವರ್ಷದ ಬಿಲ್‌ಗಳನ್ನೂ ತೆಗೆದಿಡಿ. ಮೊತ್ತವನ್ನಲ್ಲ, ಯೂನಿಟ್ ನೋಡಿ. ದರ ಏರಿದ್ದರಿಂದ ಬಿಲ್ ಏರಿದ್ದರೆ ಅದು ಪೋಲಲ್ಲ. ಮಂಜೂರಾದ ಲೋಡ್ ಎಷ್ಟು, ನಿಜವಾಗಿ ದಾಖಲಾದ ಗರಿಷ್ಠ ಬೇಡಿಕೆ ಎಷ್ಟು ಎಂದು ಹೋಲಿಸಿ. ನಿಗದಿತ ಶುಲ್ಕ ಮಂಜೂರಾದ ಕಿಲೋವಾಟ್ ಮೇಲೆ ಬೀಳುತ್ತದೆ, ಬಳಸಿದರೂ ಬಳಸದಿದ್ದರೂ. ಅಂತರ ದೊಡ್ಡದಿದ್ದರೆ ಲೋಡ್ ಇಳಿಸಲು ಅರ್ಜಿ ಹಾಕಬಹುದು. ಆದರೆ ವಿದ್ಯುತ್ ಕಾರುಗಳ ಚಾರ್ಜಿಂಗ್ ಬರುವುದಿದ್ದರೆ ಅವಸರಪಡಬೇಡಿ.

ಈಗ ಉಚಿತ ಆಡಿಟ್‌ನ ವಿಷಯ. ಉಚಿತವಾಗಿ ಮಾಡಿಕೊಡುವವರು ಸಾಮಾನ್ಯವಾಗಿ ಉಪಕರಣ ಮಾರುವವರು, ಅವರು ತಮ್ಮ ಉಪಕರಣಕ್ಕೆ ಸಂಬಂಧಪಟ್ಟದ್ದನ್ನು ಮಾತ್ರ ಅಳೆಯುತ್ತಾರೆ. ಪಂಪ್ ಮಾರುವವರಿಗೆ ಪಂಪ್ ಹಳೆಯದಾಗಿ ಕಾಣುತ್ತದೆ, ಸೈಫನ್ ಕಾಣುವುದಿಲ್ಲ. ಹಣ ಕೊಟ್ಟು, ಏನನ್ನೂ ಮಾರದ ಆಡಿಟರನ್ನು ಕರೆಯಿರಿ. ಬ್ಯೂರೋದ ನೋಂದಣಿ ಸಂಖ್ಯೆ ಕೇಳಿ. ಮುಖ್ಯ ಪ್ಯಾನೆಲ್‌ನಲ್ಲಿ ಕನಿಷ್ಠ ಒಂದು ವಾರ ಪವರ್ ಅನಲೈಜರ್ (ವಿದ್ಯುತ್ ಬಳಕೆಯನ್ನು ಸತತವಾಗಿ ದಾಖಲಿಸುವ ಸಾಧನ) ಇಡಬೇಕು, ವರದಿಯಲ್ಲಿ ಪ್ರತಿ ಅಳತೆಗೂ ದಿನಾಂಕ ಮತ್ತು ಸಮಯ ಇರಬೇಕು, ಸಲಹೆ ಜಾರಿಯಾದ ಮೂರು ತಿಂಗಳಿಗೆ ಮತ್ತೆ ಬಂದು ಅಳೆಯಬೇಕು ಎಂದು ಒಪ್ಪಂದದಲ್ಲೇ ಬರೆಸಿ. ಈ ಕೊನೆಯ ಷರತ್ತಿಗೆ ಒಪ್ಪದವರನ್ನು ಬಿಟ್ಟುಬಿಡಿ. ಹಾಗೆಯೇ ಎಸ್‌ಟಿಪಿ ನೋಡಿಕೊಳ್ಳುವವರನ್ನೂ ಪ್ಲಂಬರನ್ನೂ ಮೊದಲ ದಿನವೇ ಕೂರಿಸಿಕೊಂಡು ಮಾತನಾಡಿ. ಯಾವ ವಾಲ್ವ್ ಯಾವಾಗ ಕೆಟ್ಟಿತೆಂದು ಅವರಿಗೆ ಗೊತ್ತಿರುವಷ್ಟು ಯಾವ ವರದಿಯಲ್ಲೂ ಇರುವುದಿಲ್ಲ.

ಏಳು ರಾತ್ರಿಯ ರೀಡಿಂಗ್ ಸಿಕ್ಕ ಮೇಲೆ ಇಲ್ಲೇ ಬರೆಯಿರಿ. ಬ್ಲೋವರ್ ಮತ್ತು ಪಂಪ್‌ಗಳ ನೇಮ್‌ಪ್ಲೇಟ್ ಮೇಲಿನ ಅಂಕಿಗಳು, ಜನ ವಾಸವಿರುವ ಮನೆಗಳ ಸಂಖ್ಯೆ ಎರಡನ್ನೂ ಸೇರಿಸಿ. ಜೊತೆಗೆ ತಾರಸಿಗೆ ಹತ್ತಿ ಟ್ಯಾಂಕಿನೊಳಗೆ ಪೈಪಿನ ಬಾಯಿ ಎಲ್ಲಿದೆ ಎಂದು ನೋಡಿ ತಿಳಿಸಿ. ಲೆಕ್ಕ ಹಾಕಿ ಉತ್ತರಿಸುತ್ತೇನೆ.